ಎಡಗಡೆಯ ಒಂದು ಇಂಚು

ಶಿವಮೊಗ್ಗದ ಸವಳಂಗ ರಸ್ತೆಯ ಒಂದು ಶೆಡ್ಡಿನಲ್ಲಿ ನಾನು ಮೂವತ್ತೊಂದು ವರ್ಷ ಕೆಲಸ ಮಾಡಿದೆ. ಜೀಪು, ಲಾರಿಗಳ ಕಮಾನು ಸರಿಮಾಡುವ ಶೆಡ್ಡು. ಸೀರೆ ಉಟ್ಟ ಹೆಂಗಸೊಬ್ಬಳು ಟೇಪು ಹಿಡಿದು ಗಾಡಿಯ ಕೆಳಗೆ ಬಗ್ಗಿ ನೋಡುವುದನ್ನು ಕಂಡು ಬಂದವರಿಗೆಲ್ಲ ಶಾಕ್ ಆಗುತ್ತಿತ್ತು. ನನಗೆ ಶಾಕ್ ಆದದ್ದು ಬಹಳ ತಡವಾಗಿ, ರಿಟೈರ್ ಆಗಲು ನಾಲ್ಕು ವರ್ಷ ಉಳಿದಿದ್ದಾಗ. ಟು ಬಿ ಆನೆಸ್ಟ್, ಅದು ಇನ್ನೂ ಇಳಿದಿಲ್ಲ.

ಈಗ ಹಳೆಯ ಜೀಪುಗಳಿಗೆ ಮತ್ತೆ ಕಾಲ ಬಂದಿದೆ. ತಾತನ ಕಾಲದ ಗಾಡಿಯನ್ನು ಹುಡುಕಿ ತಂದು ಮೊದಲಿನಂತೆ ಮಾಡಿಸುವವರು, ಆ ಕೆಲಸ ಕಲಿಯಬೇಕೆನ್ನುವ ಹುಡುಗ ಹುಡುಗಿಯರು ನನ್ನ ಮನೆಗೂ ಬರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಸೂಪರ್‌ವೈಸರ್ ಆದೆ, ಯಾರು ಹಾರ ಹಾಕಿದರು ಎಂಬ ಬೋರಿಂಗ್ ಭಾಗ ಇಲ್ಲಿಲ್ಲ.

ಶೆಡ್ಡಿಗೆ ನಾನು ಸೇರಿದ್ದು ಇಂಗ್ಲಿಷ್ ಪತ್ರ ಬರೆಯಲು. ಕಾನ್ವೆಂಟಿನಲ್ಲಿ ಓದಿದವಳು, ಹ್ಯಾಂಡ್‌ರೈಟಿಂಗ್ ಮುತ್ತಿನಂತಿದೆ ಎಂದು ಯಜಮಾನ ಬಸವರಾಜಪ್ಪನವರು ಕರೆದು ಕುರ್ಚಿ ಕೊಟ್ಟರು. ಸರ್ಕಾರಿ ಇಲಾಖೆಗಳ ಜೀಪುಗಳು ಬರುತ್ತಿದ್ದ ಕಾಲ. ಒಂದೊಂದಕ್ಕೂ ಮೂರು ಪತ್ರ. ಆದರೆ ಕುರ್ಚಿಯ ಎದುರಿಗೇ ಕಬ್ಬಿಣ ಬಡಿಯುವ ಅಡಿಗಲ್ಲು. ಅದರ ಮೇಲೆ ಸುತ್ತಿಗೆ ಬೀಳುವ ಸದ್ದಿಗೆ ನನ್ನ ಪೆನ್ನು ನಿಲ್ಲುತ್ತಿತ್ತು. ಭದ್ರಾವತಿಯ ನ್ಯೂ ಟೌನಿನಲ್ಲಿ, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವಳು ನಾನು. ನಮ್ಮ ಅಪ್ಪಾಜಿ ಕುಲುಮೆ ವಿಭಾಗದಲ್ಲಿದ್ದವರು. ಕಬ್ಬಿಣದ ಸದ್ದು ನನಗೆ ಅಪ್ಪಾಜಿಯ ಕೆಮ್ಮಿನಷ್ಟೇ ಪರಿಚಿತ. ಒಂದು ದಿನ ಎದ್ದುಹೋಗಿ ಅಡಿಗಲ್ಲಿನ ಪಕ್ಕ ನಿಂತೆ. ಮತ್ತೆ ಕುರ್ಚಿಗೆ ಪೂರ್ತಿಯಾಗಿ ವಾಪಸು ಹೋಗಲೇ ಇಲ್ಲ.

ಸುತ್ತಿಗೆ ಹಿಡಿಯುತ್ತಿದ್ದವರು ಆರ್ಮುಗಂ ಮೇಸ್ತ್ರಿ. ಅವರೂ ನ್ಯೂ ಟೌನಿನವರೇ, ಮನೆಯಲ್ಲಿ ತಮಿಳು. ನನಗಿಂತ ಎಂಟು ಹತ್ತು ವರ್ಷ ಹಿರಿಯರು. ನನ್ನನ್ನು ಕರೆಯುತ್ತಿದ್ದುದು ‘ಮೇಡಮ್ಮಾ’ ಎಂದು. ಮೇಡಂ ಎಂದರೆ ದೂರ, ಅಮ್ಮಾ ಎಂದರೆ ಸಲುಗೆ. ಎರಡನ್ನೂ ಬೆಸುಗೆ ಹಾಕಿಬಿಟ್ಟಿದ್ದರು.

ಕಮಾನು ಎಂದರೇನು ಎಂದು ಗೊತ್ತಿಲ್ಲದವರಿಗಾಗಿ ಎರಡು ಮಾತು. ಬಿಲ್ಲಿನಂತೆ ಬಾಗಿದ ಉಕ್ಕಿನ ಪ್ಲೇಟುಗಳನ್ನು ಉದ್ದದ್ದರ ಕೆಳಗೆ ಗಿಡ್ಡದ್ದು ಜೋಡಿಸಿ, ನಡುವೆ ಬೋಲ್ಟು ಬಿಗಿದರೆ ಕಮಾನು. ಹಿಂದಿನ ಚಕ್ರಗಳ ಮೇಲೆ ಎಡಕ್ಕೊಂದು, ಬಲಕ್ಕೊಂದು. ವರ್ಷಗಟ್ಟಲೆ ಭಾರ ಹೊತ್ತು ಪ್ಲೇಟು ಚಪ್ಪಟೆಯಾಗುತ್ತದೆ, ಜೀಪಿನ ಹಿಂಭಾಗ ಕುಕ್ಕರುಗಾಲಲ್ಲಿ ಕೂತಂತೆ ಕಾಣುತ್ತದೆ. ಆಗ ಪ್ಲೇಟುಗಳನ್ನು ಬಿಚ್ಚಿ, ಒಂದೊಂದನ್ನೂ ಅಡಿಗಲ್ಲಿನ ಮೇಲಿಟ್ಟು ತಣ್ಣಗಿರುವಾಗಲೇ ಹೊಡೆದು ಬಾಗು ತರಬೇಕು. ಬೆಂಕಿ ತೋರಿಸಿದರೆ ಉಕ್ಕಿನ ಹದ ಹೋಗುತ್ತದೆ. ನಡುವಿನಿಂದ ತುದಿಯ ಕಡೆಗೆ, ಬೆರಳಗಲಕ್ಕೊಂದು ಪೆಟ್ಟು. ಎಷ್ಟು ಬಾಗಬೇಕು ಎಂದು ಮೇಸ್ತ್ರಿ ಮೊದಲೇ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು. ಹೊಡೆದ ಪ್ಲೇಟನ್ನು ಆ ಗೆರೆಯ ಮೇಲಿಟ್ಟರೆ ನಡುವೆ ಕೂದಲೂ ತೂರುತ್ತಿರಲಿಲ್ಲ.

ನನ್ನ ಮೊದಲ ಬ್ಲಂಡರ್ ಹೇಳಿಬಿಡುತ್ತೇನೆ. ಜೀಪನ್ನು ಜಾಕಿನ ಮೇಲೆ ಎತ್ತಿ, ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಕಮಾನಿನ ತುದಿಯ ಬೋಲ್ಟುಗಳನ್ನೆಲ್ಲ ಪೂರ್ತಿ ಬಿಗಿಸಿದೆ. ಕೆಳಗಿಳಿಸಿದಾಗ ಜೀಪು ಎದೆಯುಬ್ಬಿಸಿ ನಿಂತಿತ್ತು. ಎರಡು ದಿನ ಓಡಿದ ಮೇಲೆ ಬೋಲ್ಟಿನ ಸುತ್ತಲಿನ ರಬ್ಬರ್ ಬುಷ್ಷುಗಳು ಹರಿದು ಗಾಡಿ ಕುಸಿದು ಕೂತಿತು. ಮೇಸ್ತ್ರಿ ಬೈಯಲಿಲ್ಲ. “ಮೇಡಮ್ಮಾ, ನಿಂತ್ಕೊಂಡು ಸೊಂಟಕ್ಕೆ ಬೆಲ್ಟ್ ಬಿಗಿದು ಆಮೇಲೆ ಊಟಕ್ಕೆ ಕೂತ್ರೆ ಏನಾಗುತ್ತೆ?” ಎಂದರು. ನಕ್ಕುಬಿಟ್ಟೆ. ಅಂದಿನಿಂದ ನೆನಪಿದೆ: ಗಾಡಿಯನ್ನು ನೆಲಕ್ಕಿಳಿಸಿ, ನಾಲ್ಕು ಹೆಜ್ಜೆ ಹಿಂದೆ ಮುಂದೆ ಉರುಳಿಸಿ, ತನ್ನ ಭಾರದಲ್ಲಿ ಕೂತ ಮೇಲೆಯೇ ಬೋಲ್ಟು ಬಿಗಿಯಬೇಕು, ಎತ್ತರ ಅಳೆಯಬೇಕು.

ಎತ್ತರ ಅಳೆಯಲು ಅವರ ಬಳಿ ಇದ್ದದ್ದು ಒಂದು ದಾರ. ಗಟ್ಟಿ ಹುರಿ ಮಾಡಿದ ಹತ್ತಿ ದಾರ, ಎಣ್ಣೆ ಕುಡಿದು ಕಪ್ಪಾಗಿತ್ತು. ಒಂದು ತುದಿಯನ್ನು ಚಕ್ರದ ನಡುವಿನ ಗುಂಬಕ್ಕೆ, ಅಂದರೆ ಹಬ್ಬಿಗೆ, ಹಿಡಿದು, ನೇರ ಮೇಲಕ್ಕೆ ಬಾಡಿಯ ಅಂಚಿಗೆ ಎಳೆದು ಅಲ್ಲೊಂದು ಗಂಟು. ಅದೇ ಗಂಟು ಆ ಕಡೆಯ ಚಕ್ರಕ್ಕೂ ಸರಿಹೋದರೆ ಜೀಪು ಸಮ. ನಾನು ಸ್ಟೀಲ್ ಟೇಪು ತಂದೆ, ಫೂಟು ಇಂಚುಗಳನ್ನು ಬರೆಯತೊಡಗಿದೆ. ಇಪ್ಪತ್ತೈದು ವರ್ಷಗಳಲ್ಲಿ ಟೇಪಿಗೂ ದಾರಕ್ಕೂ ಜಗಳ ಬಂದದ್ದೇ ಇಲ್ಲ.

ಆಮೇಲೆ ಶೆಡ್ಡಿನ ಮಣ್ಣುನೆಲ ತೆಗೆಸಿ ಸಿಮೆಂಟು ಹಾಕಿಸಿದೆವು. ಅದೇ ತಿಂಗಳು ನಾನು ಒಂದು ಸ್ಪಿರಿಟ್ ಲೆವೆಲ್ ಕೊಂಡು ತಂದೆ, ಗಾರೆ ಕೆಲಸದವರು ಬಳಸುವಂಥದ್ದು. ಗಾಜಿನ ನಳಿಗೆಯಲ್ಲಿ ಹಸಿರು ನೀರು, ಅದರಲ್ಲೊಂದು ಗುಳ್ಳೆ. ಗುಳ್ಳೆ ನಡುವೆ ನಿಂತರೆ ಮಟ್ಟ. ಸೋ ಸಿಂಪಲ್, ಸೋ ಸೈಂಟಿಫಿಕ್ ಎಂದು ಬೀಗಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ಹೊಸ ನೆಲದ ಮೇಲೆ ಮೊದಲು ಬಂದ ಜೀಪು ಕೋಟೆ ಪ್ರದೇಶದ ವಕೀಲ ಮೃತ್ಯುಂಜಯಪ್ಪನವರದು. ಅವರ ಮಾವನ ಕಾಲದ ಗಾಡಿ. ಹಿಂಭಾಗ ಎರಡೂವರೆ ಇಂಚು ಕೂತಿತ್ತು. ಮೇಸ್ತ್ರಿ ಮೂರು ದಿನ ಕೂತು ಎರಡೂ ಕಮಾನು ಹೊಡೆದರು, ಜೋಡಿಸಿದರು, ಜೀಪನ್ನು ಉರುಳಿಸಿ ನಿಲ್ಲಿಸಿದರು. ದಾರ ಹಿಡಿದರು.

“ಸಮ ಇದೆ ಮೇಡಮ್ಮಾ.”

ನಾನು ಹಿಂದಿನ ಅಡ್ಡಪಟ್ಟಿಯ ಮೇಲೆ ಲೆವೆಲ್ ಇಟ್ಟೆ. ಗುಳ್ಳೆ ಬಲಕ್ಕೆ ಓಡಿ ಅಲ್ಲೇ ಅಂಟಿಕೊಂಡಿತು. ಅಂದರೆ ಎಡಗಡೆ ತಗ್ಗು.

“ಎಡಗಡೆ ಒಂದು ಇಂಚು ಕಮ್ಮಿ ಇದೆ ಮೇಸ್ತ್ರಿ.”

“ಇಲ್ಲಮ್ಮಾ. ನೋಡಿ, ಗಂಟು ಎರಡೂ ಕಡೆ ಅಂಚಿಗೇ ಬರ್ತಿದೆ.”

“ಹಳೇ ಬಾಡಿ, ಅಂಚು ಎಲ್ಲೆಲ್ಲಿ ಸೊಟ್ಟ ಆಗಿದೆಯೋ! ಗುಳ್ಳೆ ಸುಳ್ಳು ಹೇಳುತ್ತಾ?”

ಅವರು ಬಗ್ಗಿ ಗುಳ್ಳೆಯನ್ನು ನೋಡಿದರು. ದಾರವನ್ನು ನೋಡಿದರು. ಎಡಗಡೆಯ ಕಮಾನು ಬಿಚ್ಚಿ, ಮೇಲಿನ ಎರಡು ಪ್ಲೇಟುಗಳಿಗೆ ಇನ್ನಷ್ಟು ಬಾಗು ಕೊಟ್ಟರು. ಮತ್ತೆ ಜೋಡಿಸಿದಾಗ ಗುಳ್ಳೆ ಸರಿಯಾಗಿ ನಡುವೆ ಬಂದು ನಿಂತಿತು. ಮೇಸ್ತ್ರಿಯನ್ನು ಕರೆದು ತೋರಿಸಿದೆ. “ಬಂತು” ಎಂದರು. ಜಾಬ್ ಕಾರ್ಡಿನಲ್ಲಿ ನಾನು ಬರೆದದ್ದು ಎರಡೇ ಪದ: ಲೆವೆಲ್ ಓಕೆ. ಟೇಪು ಹಾಕಲಿಲ್ಲ, ಅಂಕಿ ಬರೆಯಲಿಲ್ಲ. ಲೆವೆಲ್ ಇರುವಾಗ ಅಂಕಿ ಯಾಕೆ?

ವಾರ ಕಳೆದು ವಕೀಲರು ಬಂದರು. ಶೆಡ್ಡಿನೊಳಗೆ ಬೇರೆ ಗಾಡಿಗಳು ತುಂಬಿದ್ದರಿಂದ ಎದುರಿನ ಕಲ್ಯಾಣ ಮಂಟಪದ ಅಂಗಳದಲ್ಲಿ ಜೀಪು ನಿಲ್ಲಿಸಿ ನನ್ನನ್ನು ಕರೆದರು. ಸಮತಟ್ಟಾದ ಕಲ್ಲುಹಾಸಿನ ಅಂಗಳ.

“ಏನ್ರೀ ಶೈಲಜಮ್ಮ, ನನ್ನ ಜೀಪು ಯಾರ ಕಿವಿಯಲ್ಲೋ ಗುಟ್ಟು ಹೇಳೋ ಹಾಗೆ ವಾಲ್ಕೊಂಡಿದೆಯಲ್ರೀ? ಕೋರ್ಟ್ ಹತ್ರ ಎಲ್ಲರೂ ನಗ್ತಾರೆ. ‘ವಕೀಲ್ರೇ, ಗಾಡಿ ಯಾವ ಪಾರ್ಟಿ ಕಡೆ ವಾಲ್ತಿದೆ’ ಅಂತಾರೆ ಮಾರಾಯ್ತಿ!”

ನಿಜ. ಬಲಕ್ಕೆ ವಾಲಿತ್ತು. ಹಬ್ಬಿನಿಂದ ಅಂಚಿಗೆ ಟೇಪು ಹಾಕಿದೆ. ಎಡಕ್ಕಿಂತ ಬಲ ಒಂದು ಇಂಚು ತಗ್ಗು. ನನ್ನ ತಲೆಯಲ್ಲಿ ಲೆಕ್ಕ ಥಟ್ಟನೆ ಮುಗಿಯಿತು: ಇಲ್ಲಿಂದ ಹೋಗುವಾಗ ಸಮ ಇತ್ತು, ಈಗ ಬಲ ತಗ್ಗು, ಅಂದರೆ ಬಲಗಡೆಯ ಕಮಾನು ವಾರದೊಳಗೆ ಇಂಚು ಕೂತಿದೆ. ವಾರಕ್ಕೆ ಕೂರುವ ಕಮಾನೆಂದರೆ ಹೊಡೆದ ಕೈ ಸರಿಯಿಲ್ಲ.

ಮೇಸ್ತ್ರಿ ದಾರ ತಂದರು. ಅದೇ ಗಂಟು. ಬಲಗಡೆ ಹಿಡಿದರು, ಗಂಟು ಅಂಚಿಗೆ ಮುಟ್ಟಿತು.

“ಬಲಗಡೆ ಇಳಿದಿಲ್ಲಮ್ಮಾ, ಗಂಟು ಎಲ್ಲಿತ್ತೋ ಅಲ್ಲೇ ಇದೆ. ನೀವು ಎಡಗಡೆ ಎತ್ತಿಸಿದ್ರಲ್ಲ, ಆ ಇಂಚೇ ಇದು.”

“ಎತ್ತಿದ ಮೇಲೆ ಗುಳ್ಳೆ ನಡುವೆ ಬಂತಲ್ಲ ಮೇಸ್ತ್ರಿ. ನೀವೇ ಕಣ್ಣಾರೆ ನೋಡಿದ್ರಲ್ಲ?”

“ನೋಡಿದೆ.”

“ಮತ್ತೆ? ಹತ್ತಿ ದಾರ, ಮಳೆಗಾಲ. ನೆಂದು ನೆಂದು ಕುಗ್ಗಿರುತ್ತೆ.”

ಹೇಳಿದವಳು ನಾನೇ, ಬೇರೆ ಯಾರೂ ಅಲ್ಲ. ಆರ್ಮುಗಂ ಮೇಸ್ತ್ರಿ ಆ ದಾರವನ್ನು ಎರಡು ಬೆರಳಲ್ಲಿ ಹಿಡಿದು, ಬೆಳಕಿಗೆ ಎತ್ತಿ, ಬೇರೆ ಯಾರದೋ ವಸ್ತು ಎಂಬಂತೆ ನೋಡಿದರು.

ಬಸವರಾಜಪ್ಪನವರು ಕೆಟ್ಟವರಲ್ಲ. ಆದರೆ ವಕೀಲರ ಮುಂದೆ ಮುಖಭಂಗವಾಗಿತ್ತು. “ಮೇಸ್ತ್ರಿ, ವಯಸ್ಸಾಯ್ತು ನಿಮಗೂ. ಕಣ್ಣು, ಕೈ ಯಾವತ್ತೂ ಒಂದೇ ಥರ ಇರುತ್ತಾ? ಮನೇಲಿ ಆರಾಮಾಗಿರಿ” ಎಂದರು. ನನ್ನ ಕಡೆ ತಿರುಗಿ, “ಏನಂತೀರಿ ಶೈಲಜಮ್ಮ?” ಎಂದು ಕೇಳಿದರು. ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಜಾಬ್ ಕಾರ್ಡು ನೋಡುತ್ತ ನಿಂತೆ. ಮೇಸ್ತ್ರಿ ಸುತ್ತಿಗೆಯನ್ನು ಅಡಿಗಲ್ಲಿನ ಪಕ್ಕ ಒರಗಿಸಿ, ಕೈತೊಳೆದು, “ಬರ್ತೀನಿ ಮೇಡಮ್ಮಾ” ಎಂದು ಬಸ್ಸು ಹತ್ತಲು ಹೋದರು. ವಕೀಲರ ಜೀಪು, ಹೊಸ ಮೇಸ್ತ್ರಿ ಸಿಕ್ಕ ಮೇಲೆ ನೋಡೋಣ ಎಂದು, ವಾಲಿಕೊಂಡೇ ಓಡಾಡುತ್ತಿತ್ತು.

ಆಯುಧ ಪೂಜೆ ಬಂತು. ಹಿಂದಿನ ದಿನ ಬೆಳಿಗ್ಗೆ ಶೆಡ್ಡು ಖಾಲಿ ಮಾಡಿ, ಎಲ್ಲರೂ ಬರಿಗಾಲಲ್ಲಿ ನೆಲ ತೊಳೆಯುವುದು ನಮ್ಮಲ್ಲಿ ರೂಢಿ. ನಾನೂ ಸೆರಗು ಸಿಕ್ಕಿಸಿ ಪೊರಕೆ ಹಿಡಿದೆ. ಯಾರೋ ಬಕೆಟ್ ನೀರು ಎರಚಿದರು. ನೀರು ಒಂದು ಕ್ಷಣ ಹರಡಿತು, ಆಮೇಲೆ ಎಲ್ಲವೂ ಒಟ್ಟಾಗಿ, ಜೀಪು ನಿಲ್ಲುವ ಜಾಗದ ಬಲದಿಂದ ಎಡಕ್ಕೆ, ಎಡಗಡೆಯ ಚರಂಡಿಗೆ ಓಡಿತು. ನನ್ನ ಕಾಲಬೆರಳುಗಳ ಸಂದಿಯಿಂದಲೇ ಓಡಿತು.

ಪೊರಕೆ ಗೋಡೆಗೆ ಒರಗಿಸಿದೆ. ಲೆವೆಲ್ ತಂದು ಬರಿಯ ನೆಲದ ಮೇಲಿಟ್ಟೆ. ಗುಳ್ಳೆ ಬಲಕ್ಕೆ ಓಡಿ ಅಂಟಿಕೊಂಡಿತು. ಜೀಪು ಇಲ್ಲ, ಕಮಾನು ಇಲ್ಲ, ಬರೀ ನೆಲ. ಒಂದು ಚಕ್ರ ನಿಲ್ಲುವಲ್ಲಿಂದ ಇನ್ನೊಂದು ಚಕ್ರ ನಿಲ್ಲುವಲ್ಲಿಗೆ ಮಟ್ಟ ಹಿಡಿದು ಅಳೆದೆ. ಸರಿಯಾಗಿ ಒಂದು ಇಂಚು. ಮೈ ಗಾಡ್! ಗಾರೆಯವನ ಹಿಂದೆ ನಿಂತು, “ಒಂದು ಹನಿ ನೀರೂ ನಿಲ್ಲಬಾರದು, ಚರಂಡಿ ಕಡೆಗೆ ಚೆನ್ನಾಗಿ ವಾಟ ಕೊಡಪ್ಪಾ” ಎಂದು ಇಡೀ ದಿನ ಪ್ರಾಣ ತಿಂದವಳು ನಾನು! ಆ ನೆಲವನ್ನು ದಿನಾ ಬೆಳಿಗ್ಗೆ ತೊಳೆಯುತ್ತಿದ್ದೆವು. ದಿನಾ ನೀರು ಓಡುವುದನ್ನು ನೋಡುತ್ತಿದ್ದೆವು. ನೀರು ಚೆನ್ನಾಗಿ ಓಡುತ್ತದೆ ಎಂದು ಮೆಚ್ಚಿಕೊಳ್ಳುತ್ತಿದ್ದೆವು.

ನೆಲದ ಮೇಲೆಯೇ ಕೂತುಬಿಟ್ಟೆ. “ಜಾರಿದ್ರಾ ಅಮ್ಮಾ?” ಎಂದು ಯಾರೋ ಕೇಳಿದರು. ಅರಿಶಿನ ಕುಂಕುಮ ಹಚ್ಚಲು ತೊಳೆದು ಸಾಲಾಗಿ ಇಟ್ಟಿದ್ದ ಹತಾರಗಳಲ್ಲಿ ಮೇಸ್ತ್ರಿಯ ಸುತ್ತಿಗೆಯೂ ಇತ್ತು. ಹಿಡಿಯುವವರಿಲ್ಲದೆ ಎರಡು ತಿಂಗಳಲ್ಲಿ ಅದರ ಮುಖಕ್ಕೆ ತುಕ್ಕು ಬಂದಿತ್ತು.

ಒದ್ದೆ ಸೀರೆಯಲ್ಲೇ ಭದ್ರಾವತಿಯ ಬಸ್ಸು ಹತ್ತಿದೆ. ನ್ಯೂ ಟೌನ್ ನನ್ನ ಬಾಲ್ಯದ ಊರು. ಅಗಲ ರಸ್ತೆ, ಒಂದೇ ಅಚ್ಚಿನ ಮನೆಗಳು, ಅಪ್ಪಾಜಿ ಸೈಕಲ್ಲಿನಲ್ಲಿ ಬರುತ್ತಿದ್ದ ತಿರುವು. ಬೇರೆ ದಿನವಾಗಿದ್ದರೆ ನಿಂತು ನೋಡುತ್ತಿದ್ದೆ. ಅಂದು ಬಾಯಲ್ಲಿ ಹೇಳಬೇಕಾದ ಮಾತನ್ನೇ ಜೋಡಿಸಿಕೊಳ್ಳುತ್ತ ನಡೆದೆ. ಅವರು ಬೈಯಲಿ, ಬಾಗಿಲು ಹಾಕಲಿ, ಎಲ್ಲಕ್ಕೂ ತಯಾರಾಗಿದ್ದೆ. ಕಂಡದ್ದಕ್ಕೆ ಮಾತ್ರ ತಯಾರಿರಲಿಲ್ಲ.

ಬಾಗಿಲು ತೆಗೆದವರು ಅವರ ಹೆಂಡತಿ ವಳ್ಳಿಯಮ್ಮ. “ಬನ್ನಿ ಮೇಡಂ, ಬನ್ನಿ. ನೀವಾದ್ರೂ ಬುದ್ಧಿ ಹೇಳಿ ಇವ್ರಿಗೆ. ಶಿವಮೊಗ್ಗದಲ್ಲಿ ಒಬ್ರು, ಇಲ್ಲಿ ಇಬ್ರು, ಮೂರು ಕಣ್ಣು ಡಾಕ್ಟ್ರು ನೋಡಿಯಾಯ್ತು. ಕಣ್ಣು ಚೆನ್ನಾಗಿದೆ ಅಂತಾರೆ. ಇವ್ರು ನಂಬಲ್ಲ. ಮೊಪೆಡ್ ಬಿಟ್ರು. ಗೋಡೆ ಮೇಲೆ ದೇವ್ರ ಫೋಟೋ ನೇರ ಇದೆಯಾ ಅಂತ ನನ್ನ ಕೇಳ್ತಾರೆ ಮೇಡಂ, ನನ್ನ!”

ಮೇಸ್ತ್ರಿ ಒಳಗಿನಿಂದ ಬಂದರು. ಒಂದು ಕೈಯನ್ನು ಗೋಡೆಗೆ ಆನಿಸಿಕೊಂಡು ನಡೆಯುತ್ತಿದ್ದರು. ನಾನು ಅಂದುಕೊಂಡಿದ್ದೆ, ಅವರು ನನ್ನ ಮೇಲೆ ಸಿಟ್ಟಿನಲ್ಲಿ ಇರುತ್ತಾರೆ, ತಮ್ಮದೇ ಸರಿ ಎಂದು ಒಳಗೊಳಗೇ ಗಟ್ಟಿಯಾಗಿರುತ್ತಾರೆ ಎಂದು. ಇಲ್ಲ. ಆ ಮನುಷ್ಯ ನನ್ನನ್ನು ನಂಬಿಬಿಟ್ಟಿದ್ದರು. ಒಂದು ಗಾಜಿನ ಗುಳ್ಳೆಗಾಗಿ ತಮ್ಮ ನಲವತ್ತು ವರ್ಷದ ಕಣ್ಣನ್ನು ಬಿಟ್ಟುಕೊಟ್ಟಿದ್ದರು.

ಜೋಡಿಸಿಕೊಂಡಿದ್ದ ಮಾತೆಲ್ಲ ಮರೆತುಹೋಯಿತು. “ನೆಲ ಸೊಟ್ಟ ಮೇಸ್ತ್ರಿ” ಎಂದೆ. “ನಾನು ಹಾಕಿಸಿದ ನೆಲ. ನಿಮ್ಮ ದಾರ ಸರಿ ಇತ್ತು. ನಿಮ್ಮ ಕಣ್ಣು ಸರಿ ಇತ್ತು. ತಪ್ಪು ನಂದು.”

ಅವರು ಗೋಡೆ ಹಿಡಿದೇ ಮೆಲ್ಲಗೆ ಕುರ್ಚಿಯಲ್ಲಿ ಕೂತರು.

“ಎಷ್ಟು ವಾಟ ಇದೆ?”

“ಒಂದು ಇಂಚು.”

“ಯಾವ ಕಡೆಗೆ?”

“ಎಡಕ್ಕೆ. ಚರಂಡಿ ಕಡೆಗೆ.”

ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು. “ಹಾಂ. ಹಂಗಾದ್ರೆ ಸರಿಹೋಗುತ್ತೆ” ಎಂದರು, ನಮ್ಮಿಬ್ಬರ ವಿಷಯವೇ ಅಲ್ಲ, ಯಾವುದೋ ಗಾಡಿಯ ರಿಪೇರಿ ಎಂಬಂತೆ. ಆಮೇಲೆ ಹೆಂಡತಿಗೆ, “ಕಾಫಿ ಪೋಡು, ಮೇಡಮ್ಮಾ ನೆಂದು ಬಂದಿದ್ದಾರೆ” ಎಂದರು. ವಳ್ಳಿಯಮ್ಮ ಮಾತ್ರ ಕದಲಲಿಲ್ಲ. ನನ್ನನ್ನೇ ನೋಡುತ್ತ ನಿಂತಿದ್ದರು.

ಹಬ್ಬ ಮುಗಿದ ಮೇಲೆ ಬಸವರಾಜಪ್ಪನವರು ತಾವೇ ಹೋಗಿ ಅವರನ್ನು ಕರೆತಂದರು. ಜೀಪಿನ ಚಕ್ರಗಳು ನಿಲ್ಲುವ ನಾಲ್ಕು ಜಾಗಗಳನ್ನು ಅಗೆಸಿ, ಮಟ್ಟ ನೋಡಿ ಮತ್ತೆ ಸಿಮೆಂಟು ಹಾಕಿಸಿದೆವು. ಎಳೆಯರು ಇದನ್ನು ಬರೆದಿಟ್ಟುಕೊಳ್ಳಿ: ಲೆವೆಲನ್ನು ಗಾಡಿಯ ಮೇಲೆ ಇಡುವ ಮುಂಚೆ ನೆಲದ ಮೇಲೆ ಇಡಿ. ಹಬ್ಬಿನಿಂದ ಅಂಚಿಗೆ ಎಡ ಎಷ್ಟು, ಬಲ ಎಷ್ಟು ಎಂದು ಕೆಲಸಕ್ಕೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಅಂಕಿ ಬರೆಯಿರಿ. ಓಕೆ ಎಂಬ ಪದ ಜಾಬ್ ಕಾರ್ಡಿನಲ್ಲಿ ಬೇಡವೇ ಬೇಡ. ಅಂದು ಬಲಗಡೆಯ ಒಂದು ಅಂಕಿ ನನ್ನ ಬಳಿ ಇದ್ದಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು, ಬಲಗಡೆ ಇಳಿದೇ ಇಲ್ಲ ಎಂದು.

ವಕೀಲರ ಜೀಪು ಬಂತು. ಮೃತ್ಯುಂಜಯಪ್ಪನವರ ಎದುರಿಗೇ, ಯಜಮಾನರ ಎದುರಿಗೇ, ಹಳೆಯ ಜಾಬ್ ಕಾರ್ಡಿನ ಮೇಲೆ ‘ತಪ್ಪು ಸೂಪರ್‌ವೈಸರದು’ ಎಂದು ಬರೆದು, ಗಟ್ಟಿಯಾಗಿ ಓದಿ, ಸಹಿ ಹಾಕಿದೆ. “ಕೋರ್ಟಿನಲ್ಲಿ ಇಷ್ಟು ಸುಲಭವಾಗಿ ಯಾರೂ ಒಪ್ಪಲ್ಲ ಕಣ್ರೀ” ಎಂದು ವಕೀಲರು ನಗಿಸಲು ನೋಡಿದರು. ಯಾರೂ ನಗಲಿಲ್ಲ.

ಮೇಸ್ತ್ರಿ ತುಕ್ಕು ಉಜ್ಜಿ ಸುತ್ತಿಗೆ ಹಿಡಿದರು. ಎಡಗಡೆಯ ಎರಡು ಪ್ಲೇಟುಗಳನ್ನು ಹಿಮ್ಮುಖವಾಗಿ ಹೊಡೆದು ಹೆಚ್ಚಿನ ಬಾಗು ತೆಗೆದರು. ಪೆಟ್ಟಿನ ಸದ್ದು ಮೊದಲಿನದೇ, ಅದೇ ಲಯ. ಹೋದ ಜೀವ ಬಂದಂತಾಯಿತು ನನಗೆ. ಜೀಪನ್ನು ಇಳಿಸಿ ಉರುಳಿಸಿ ನಿಲ್ಲಿಸಿದರು. ಹೊಸ ದಾರ. ಬಲಗಡೆ ಗಂಟು ಹಾಕಿಕೊಂಡು ಎಡಕ್ಕೆ ಹೋದರು. ಗಂಟು ಅಂಚಿಗೆ ಮುಟ್ಟಿತು. ನಾನು ನಿಂತಲ್ಲಿಂದಲೇ ಕಾಣುತ್ತಿತ್ತು.

ಅವರು ಮತ್ತೆ ಬಲಕ್ಕೆ ಬಂದರು. ಮತ್ತೆ ಎಡಕ್ಕೆ. ಮೂರನೇ ಸಲ ಹಿಡಿದು, ದಾರ ಕೈಯಲ್ಲಿರುವಂತೆಯೇ ನನ್ನ ಕಡೆ ತಿರುಗಿದರು.

“ಮೇಡಮ್ಮಾ, ಒಂದ್ಸಲ ಟೇಪ್ ಹಾಕಿಬಿಡಿ.”

“ಬೇಡ ಮೇಸ್ತ್ರಿ. ನಿಮ್ಮ ದಾರ ಸಾಕು.”

“ಸಾಕು ಸಾಕು. ಆದ್ರೂ ಹಾಕಿ.”

“ನೀವು ಹೇಳಿ ಮೇಸ್ತ್ರಿ. ಸಮ ಇದೆಯಾ, ಇಲ್ವಾ?”

ಅವರ ಬಾಯಿ ತೆರೆಯಿತು. ಇಪ್ಪತ್ತೈದು ವರ್ಷ ನಾನು ಕೇಳಿದ್ದ ಆ ಮಾತು, ‘ಸಮ ಇದೆ’ ಎಂಬುದು, ಬರಲಿಲ್ಲ. ವಕೀಲರು ಬೇರೆ ಕಡೆ ನೋಡಿದರು. ನಾನು ಬಗ್ಗಿ ಟೇಪು ಹಾಕಿದೆ. ಎಡಕ್ಕೂ ಬಲಕ್ಕೂ ಒಂದೇ ಅಂಕಿ, ಒಂದು ನೂಲೂ ಹೆಚ್ಚು ಕಡಿಮೆಯಿಲ್ಲ. ಗಟ್ಟಿಯಾಗಿ ಹೇಳಿದೆ. ಆಗ ಉಸಿರು ಬಿಟ್ಟು ದಾರ ಸುತ್ತಿಕೊಂಡರು.

ಆಮೇಲೆ ಎರಡು ವರ್ಷ ನಮ್ಮಲ್ಲಿ ಕೆಲಸ ಮಾಡಿದರು. ಅವರ ಕೈಯಿಂದ ಹೋದ ಒಂದು ಗಾಡಿಯೂ ವಾಲಿ ಬರಲಿಲ್ಲ. ಪ್ರತಿ ಗಾಡಿಗೂ ಮೂರು ಸಲ ದಾರ ಹಿಡಿಯುತ್ತಿದ್ದರು, ಪ್ರತಿ ಗಾಡಿಗೂ ನನ್ನನ್ನು ಕೂಗುತ್ತಿದ್ದರು. ನಾನು ಎಲ್ಲೇ ಇರಲಿ, ಊಟದ ಡಬ್ಬಿ ಮುಚ್ಚಿಟ್ಟು ಎದ್ದುಬರುತ್ತಿದ್ದೆ. ಟೇಪಿನ ಅಂಕಿ ನಾನು ಓದಿ ಹೇಳುವ ತನಕ ಆರ್ಮುಗಂ ಮೇಸ್ತ್ರಿ ಗಾಡಿಯನ್ನು ಬಿಟ್ಟುಕೊಡುತ್ತಿರಲಿಲ್ಲ.